ಮೊದಲ ಸ್ಪರ್ಧೆಯ ರೋಬೋಟ್‌ಗೆ ಮೆಕಾನಮ್ ಬೇಕೇ, ಸಾಮಾನ್ಯ ಚಕ್ರ ಸಾಕೇ?

ಚಿತ್ರದುರ್ಗದಿಂದ ಮೊದಲ ಬಾರಿ ಅಂತರ ಕಾಲೇಜು ಸ್ಪರ್ಧೆಗೆ ಹೊರಟ ತಂಡ ನಿಮ್ಮದು. ರೋಬೋಟ್ 10 ಕೆ.ಜಿ. ಮೀರಬಾರದು, 15 ಡಿಗ್ರಿಯ ಇಳಿಜಾರು ಹತ್ತಿ ಮೇಲಿನ ಸಮತಟ್ಟಿನಲ್ಲಿರುವ ಬುಟ್ಟಿಗೆ ಮರದ ತುಂಡುಗಳನ್ನು ಹಾಕಬೇಕು. ಸೀನಿಯರ್‌ಗಳು ಪಕ್ಕಕ್ಕೂ ಸರಿಯಬಲ್ಲ ಮೆಕಾನಮ್ ಚಕ್ರವೇ ಆಗಬೇಕು ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಮೆಕಾನಮ್ ಬೇಡ. ಎರಡು ರಬ್ಬರ್ ಚಕ್ರ, ಎರಡು ಓಮ್ನಿ ಚಕ್ರ (ಅಂಚಿನಲ್ಲಿ ಅಡ್ಡಕ್ಕೆ ಉರುಳುವ ಸಣ್ಣ ರೋಲರ್‌ಗಳಿರುವ ಚಕ್ರ) ಹಾಕಿ. ನಾಲ್ಕಕ್ಕೂ ಮೋಟಾರಿನ ಬಲ ಸಿಗಲಿ. ದಾವಣಗೆರೆಯ ಕಾಲೇಜು ವರ್ಕ್‌ಶಾಪಿನಲ್ಲಿ ಇಂಥ ತಂಡಗಳ ಜೊತೆ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹೊಸ ತಂಡಗಳ ಸಮಯವನ್ನೆಲ್ಲ ಚಕ್ರವೇ ನುಂಗಿ, ತುಂಡು ಎತ್ತುವ ಕೈಗೆ ಕೊನೆಯ ವಾರವಷ್ಟೇ ಉಳಿಯುವುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಅಂಕ ತರುವುದು ಆ ಕೈಯೇ.

ಮೆಕಾನಮ್ ಕೆಟ್ಟ ಚಕ್ರವಲ್ಲ. ಸ್ವೀಡನ್ನಿನ ಎಂಜಿನಿಯರ್ ಬೆಂಗ್ಟ್ ಇಲಾನ್ 1970ರ ದಶಕದ ಆರಂಭದಲ್ಲಿ ರೂಪಿಸಿದ ಈ ಚಕ್ರದ ಅಂಚಿನಲ್ಲಿ 45 ಡಿಗ್ರಿ ಓರೆಯಾಗಿ ರೋಲರ್‌ಗಳಿರುತ್ತವೆ. ಪ್ರತಿ ಚಕ್ರವೂ ನೆಲವನ್ನು ಓರೆಯಾಗಿಯೇ ತಳ್ಳುತ್ತದೆ. ನಾಲ್ಕರ ಓರೆ ಬಲಗಳು ಒಂದನ್ನೊಂದು ಕಳೆದು ಉಳಿಯುವುದೇ ನಮಗೆ ಬೇಕಾದ ಚಲನೆ. ಹಾಗಾಗಿ ಮೈ ತಿರುಗಿಸದೆ ಪಕ್ಕಕ್ಕೆ ಸರಿಯಬಹುದು. ಆದರೆ ಆ ಲೆಕ್ಕ ಸರಿಹೋಗಲು ನಾಲ್ಕೂ ಚಕ್ರಗಳ ಮೇಲೆ ಭಾರ ಸರಿಯಾಗಿ ಬೀಳಬೇಕು. ಇಳಿಜಾರು ಶುರುವಾಗುವ ಅಂಚಿನಲ್ಲಿ ಒಂದು ಚಕ್ರ ಕೂದಲೆಳೆಯಷ್ಟು ಮೇಲೆದ್ದರೂ ರೋಬೋಟ್ ಓರೆ ಹಿಡಿಯುತ್ತದೆ. ಅನುಮಾನವಿದ್ದರೆ ಸೀನಿಯರ್‌ಗಳ ಹಳೆಯ ಚಾಸಿಯನ್ನು (ಚಕ್ರ ಜೋಡಿಸಿದ ಚೌಕಟ್ಟನ್ನು) ಗ್ರಾನೈಟ್ ಕಲ್ಲಿನ ಮೇಲಿಟ್ಟು ಒಂದೊಂದು ಚಕ್ರದ ಕೆಳಗೂ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ. ಯಾವುದೋ ಒಂದು ಚಕ್ರದ ಕೆಳಗಿನದು ಸಲೀಸಾಗಿ ಬಂದುಬಿಟ್ಟರೆ ಆ ಚಕ್ರ ಭಾರ ಹೊರುತ್ತಿಲ್ಲ ಎಂದೇ ಅರ್ಥ. ಸಮತಟ್ಟಾದ ಅಂಕಣದಲ್ಲಿ ಗೋಡೆಯುದ್ದಕ್ಕೂ ಬುಟ್ಟಿಗಳ ಸಾಲು ಇದ್ದಿದ್ದರೆ ನಾನೇ ಮೆಕಾನಮ್ ಹಾಕಿ ಎನ್ನುತ್ತಿದ್ದೆ. ನಿಮಗಿರುವುದು ಒಂದೇ ಬುಟ್ಟಿ, ಜೊತೆಗೆ ಏರು.

ಹಾಗಾದರೆ ನಾಲ್ಕೂ ರಬ್ಬರ್ ಚಕ್ರ ಏಕಲ್ಲ? ಎಡಬಲದ ಚಕ್ರಗಳ ವೇಗ ಬದಲಿಸಿ ತಿರುಗುವ ರೋಬೋಟಿನಲ್ಲಿ ಚಕ್ರಗಳು ಅಡ್ಡಡ್ಡವಾಗಿ ನೆಲಕ್ಕೆ ಉಜ್ಜಿಕೊಳ್ಳುತ್ತವೆ. ಚಾಸಿ ಉದ್ದವಾದಷ್ಟೂ, ಅಗಲ ಕಡಿಮೆಯಾದಷ್ಟೂ ಇದು ಹೆಚ್ಚು. ಆಗ ರೋಬೋಟ್ ನುಣುಪಾಗಿ ತಿರುಗದೆ ಜಗ್ಗಿ ಜಗ್ಗಿ ತಿರುಗುತ್ತದೆ, ಮೋಟಾರ್ ಬಿಸಿಯಾಗುತ್ತದೆ. ಒಂದು ಜೊತೆಯನ್ನು ಓಮ್ನಿ ಮಾಡಿದರೆ ಅದರ ರೋಲರ್‌ಗಳು ಅಡ್ಡಕ್ಕೆ ಸುಮ್ಮನೆ ಉರುಳುತ್ತವೆ, ಉಜ್ಜಾಟ ತಪ್ಪುತ್ತದೆ. ಆಗ ರೋಬೋಟ್ ತಿರುಗುವ ಕೇಂದ್ರ ರಬ್ಬರ್ ಚಕ್ರಗಳ ನಡುವೆ ಬರುತ್ತದೆ. ಆದ್ದರಿಂದ ತುಂಡು ಹಿಡಿಯುವ ಕೈ ಇರುವ ಕಡೆಗೇ ರಬ್ಬರ್ ಚಕ್ರ ಇಡಿ: ಸ್ವಲ್ಪ ತಿರುಗಿಸಿದರೆ ಕೈಯೂ ಸ್ವಲ್ಪವೇ ಸರಿಯುತ್ತದೆ, ಗುರಿ ಹಿಡಿಯುವುದು ಸುಲಭ. ಓಮ್ನಿಯನ್ನು ಆ ಕಡೆ ಹಾಕಿದರೆ ಅಷ್ಟೇ ತಿರುವಿಗೆ ಕೈ ದೊಡ್ಡ ಕಮಾನಿನಲ್ಲಿ ಬೀಸುತ್ತದೆ.

ಒಂದು ಬದಿಯ ಎರಡೂ ಚಕ್ರಗಳನ್ನು ಸಣ್ಣ ಚೈನಿನಿಂದ ಜೋಡಿಸುವುದನ್ನು ಮರೆಯಬೇಡಿ. ಏರು ಹತ್ತುವಾಗ ಭಾರ ಹಿಂದಿನ ಚಕ್ರಗಳಿಗೆ ಸರಿಯುತ್ತದೆ, ಮುಂದಿನವು ಹಗುರಾಗುತ್ತವೆ. ಚೈನ್ ಇದ್ದರೆ ಆ ಬದಿಯ ಎರಡೂ ಮೋಟಾರ್‌ಗಳ ಬಲ ಹಿಡಿತ ಇರುವ ಚಕ್ರಕ್ಕೆ ಹೋಗುತ್ತದೆ.

ಮೋಟಾರ್ ಕೊಳ್ಳುವ ಮುನ್ನ ಈ ಲೆಕ್ಕ ಮಾಡಿಕೊಳ್ಳಿ. ರಬ್ಬರಿಗೂ ಪ್ಲೈವುಡ್ಡಿಗೂ ಘರ್ಷಣಾಂಕ 0.6 ಎಂದಿಟ್ಟುಕೊಂಡರೆ 10 ಕೆ.ಜಿ. ರೋಬೋಟಿಗೆ ನೆಲ ಕೊಡಬಲ್ಲ ಗರಿಷ್ಠ ಬಲ 6 ಕೆ.ಜಿ. ಚಕ್ರದ ವ್ಯಾಸ 10 ಸೆಂ.ಮೀ. ಆದರೆ ತ್ರಿಜ್ಯ 5. ಒಟ್ಟು ಟಾರ್ಕ್ (ತಿರುಗಿಸುವ ಬಲ, ಅಂದರೆ ಬಲವನ್ನು ತ್ರಿಜ್ಯದಿಂದ ಗುಣಿಸಿದ್ದು) 30 ಕೆ.ಜಿ.-ಸೆಂ.ಮೀ., ನಾಲ್ಕು ಮೋಟಾರಿಗೆ ಹಂಚಿದರೆ ತಲಾ 7.5. ಏರು ಹತ್ತಲು ಬೇಕಾಗುವುದು ಸುಮಾರು 2.6 ಕೆ.ಜಿ. ಬಲ, ಅಂದರೆ ಮೋಟಾರಿಗೆ ತಲಾ 3.2 ಕೆ.ಜಿ.-ಸೆಂ.ಮೀ. ಟಾರ್ಕ್ ಮಾತ್ರ. ಸ್ಟಾಲ್ ಟಾರ್ಕ್ (ಮೋಟಾರ್ ತಿರುಗಲಾಗದೆ ನಿಂತಾಗಿನ ಗರಿಷ್ಠ ಟಾರ್ಕ್) 7.5ರ ಎರಡರಷ್ಟು, ಅಂದರೆ 15ಕ್ಕೆ ಕಡಿಮೆಯಿಲ್ಲದ ಮೋಟಾರ್ ತನ್ನಿ. ಗೋಡೆಗೆ ತಾಗಿ ನಿಂತರೂ ಚಕ್ರ ಜಾರುತ್ತದೆ, ಮೋಟಾರ್ ಸುಡುವುದಿಲ್ಲ. 300 ಆರ್‌ಪಿಎಂ ಮೋಟಾರ್ ಭಾರವಿಲ್ಲದಾಗ ಸೆಕೆಂಡಿಗೆ ಒಂದೂವರೆ ಮೀಟರ್ ಓಡಿಸುತ್ತದೆ, ಹೊಸ ಚಾಲಕನಿಗೆ ಅದೇ ಧಾರಾಳ. ಎಲ್ಲರೂ ಕೊಳ್ಳುವ ಎಲ್298 ಡ್ರೈವರ್ (ಮೋಟಾರಿಗೆ ವಿದ್ಯುತ್ ಹರಿಸುವ ಬೋರ್ಡ್) ಒಂದು ಚಾನೆಲ್‌ಗೆ ಎರಡು ಆಂಪಿಯರ್ ಮಾತ್ರ ತಾಳುತ್ತದೆ. ಈ ಮೋಟಾರ್‌ಗಳಿಗೆ ಅದು ಸಾಲದು.

ಚಕ್ರವನ್ನು ಮೋಟಾರಿನ ಶಾಫ್ಟಿಗೆ ಜೋಡಿಸುವ ಹಬ್‌ಗಳನ್ನು ಆನ್‌ಲೈನ್‌ನಲ್ಲಿ ತರಿಸಬೇಡಿ. ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಇದ್ದ ಊರು ಹರಿಹರ. ಅಲ್ಲಿಯೂ ದಾವಣಗೆರೆಯಲ್ಲಿಯೂ ಲೇತ್ ಅಂಗಡಿಯವರಿಗೆ ಮೋಟಾರನ್ನೇ ಕೈಗಿತ್ತು ಶಾಫ್ಟಿಗೆ ಬಿಗಿಯಾಗಿ ಕೂರುವಂತೆ ಕೊರೆದುಕೊಡಿ ಎಂದರೆ ಸಾಕು. ಹಬ್ ಅನ್ನು ಬಿಗಿಮಾಡುವ ತಲೆಯಿಲ್ಲದ ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಬದಿಯ ಮೇಲೇ ಕೂರಬೇಕು. ದುಂಡನೆಯ ಬದಿಗೆ ಕೂತರೆ ಅಂಕಣದ ನಡುವೆ ಮೋಟಾರ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಚಕ್ರದ ಹೊರಬದಿಗೂ ಒಂದು ಬೇರಿಂಗ್ ಕೊಡಿ, ರೋಬೋಟಿನ ಭಾರವನ್ನೆಲ್ಲ ಗೇರ್‌ಬಾಕ್ಸಿನ ಶಾಫ್ಟ್ ಹೊರುವಂತೆ ಬಿಡಬೇಡಿ. ಓಮ್ನಿ ರೋಲರ್‌ಗಳಲ್ಲಿ ಹಾಸ್ಟೆಲ್ ಕಾರಿಡಾರಿನ ಕೂದಲು, ದಾರ ಸುತ್ತಿಕೊಳ್ಳುತ್ತವೆ. ಪ್ರತಿ ಸಂಜೆ ಚಿಮಟದಿಂದ ತೆಗೆಯಿರಿ.

ಕೈ ಇನ್ನೂ ಸಿದ್ಧವಾಗದಿದ್ದರೂ ಅದರ ಜಾಗದಲ್ಲಿ ಅಷ್ಟೇ ತೂಕದ ಕಬ್ಬಿಣ ಕಟ್ಟಿ ಓಡಿಸಲು ಶುರುಮಾಡಿ. ಒಂದು ಮೀಟರ್ ಹಲಗೆಯ ಒಂದು ತುದಿಯನ್ನು 26 ಸೆಂ.ಮೀ. ಎತ್ತಿದರೆ ನಿಮ್ಮ 15 ಡಿಗ್ರಿ ಸಿಗುತ್ತದೆ. ಅದರ ಮೇಲ್ತುದಿಯಲ್ಲಿ ಚಾಸಿಯ ಹೊಟ್ಟೆ ಅಂಚಿಗೆ ತಾಗುತ್ತದೆಯೇ ಎಂಬುದನ್ನು ಮೊದಲು ನೋಡಿ: ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 30 ಸೆಂ.ಮೀ. ಇದ್ದರೆ ನೆಲದಿಂದ ಎರಡು ಸೆಂ.ಮೀ.ಗಿಂತ ಹೆಚ್ಚು ಎತ್ತರ ಬೇಕೇ ಬೇಕು, ಮೂರು ಇದ್ದರೆ ನಿಶ್ಚಿಂತೆ.