ಪುಸ್ತಕ ಮುಟ್ಟದೆ ಸತ್ಯ ಹೇಳುವುದು

ತಮ್ಮಾ, ನಿನ್ನ ಕಾಗದ ಎರಡು ಸಲ ಓದಿದೆ.

ನೀನು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಎಂಟು ತಿಂಗಳು. ಕೆಲಸ ಮುಗಿಸಿ ಬರುವಾಗ ಕಣ್ಣೆದುರೇ ಹೊಡೆದಾಟ ನೋಡಿದೆ, ಪೊಲೀಸರಿಗೆ ಹೇಳಿಕೆ ಕೊಟ್ಟೆ, ಈಗ ದೊಡ್ಡ ಅಪರಾಧಗಳ ವಿಚಾರಣೆ ನಡೆಸುವ ಕ್ರೌನ್ ಕೋರ್ಟಿಗೆ ಸಾಕ್ಷಿ ಹೇಳಲು ಕರೆ ಬಂದಿದೆ. "ನನಗೆ ದೇವರಲ್ಲಿ ನಂಬಿಕೆ ಇಲ್ಲ ಅಕ್ಕಾ. ಅಲ್ಲಿ ಯಾವ ಧರ್ಮ, ಯಾವ ಪುಸ್ತಕ ಅಂತ ಕೇಳುತ್ತಾರಂತೆ. ನಾಸ್ತಿಕ ಅಂತ ಗೊತ್ತಾದರೆ ನನ್ನ ಮಾತು ನಂಬುತ್ತಾರಾ? ವೀಸಾಕ್ಕೆ ತೊಂದರೆ ಆಗುತ್ತಾ? ಸುಮ್ನೆ ಗೀತೆ ಹಿಡಿದು ಹೇಳಿಬಿಟ್ಟರೆ ಸುಲಭ ಅಲ್ವಾ?" ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಚಳಿ, ಅಕ್ಕಿ.

ಸಣ್ಣವು ಮೊದಲು. ಲೆಸ್ಟರ್‌ನಲ್ಲಿ ಅಕ್ಕಿಗೆ ಬೆಲ್‌ಗ್ರೇವ್ ರೋಡಿಗೆ ಹೋಗು, ಬೇಳೆಯೂ ಸಿಗುತ್ತದೆ, ಕರಿಬೇವೂ ಸಿಗುತ್ತದೆ. ಮನೆಯ ಡಿಪಾಸಿಟ್ಟನ್ನು ಓನರ್ 30 ದಿನದೊಳಗೆ ಡಿಪಾಸಿಟ್ ಸ್ಕೀಮಿಗೆ ಹಾಕಬೇಕು, ಹಾಕಿದ ಕಾಗದ ಕೇಳಿ ಇಟ್ಟುಕೋ. ಒಳ್ಳೆಯ ಕೋಟು ಒಂದು ತಗೋ, ಅದಕ್ಕೆ ಜಿಪುಣತನ ಬೇಡ.

ಈಗ ಕೋರ್ಟಿನ ವಿಷಯ.

ವೀಸಾಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿನ್ನ ಮಾತಿನ ತೂಕಕ್ಕೂ ಕಾನೂನಿನ ಪ್ರಕಾರ ಸಂಬಂಧ ಇಲ್ಲ. ಇಲ್ಲಿ 1978ರ ಓತ್ಸ್ ಆ್ಯಕ್ಟ್ ಅಂತ ಇದೆ. ದೇವರ ಮೇಲೆ ಪ್ರಮಾಣ ಮಾಡಲು ಒಪ್ಪದವರು ಅಫರ್ಮ್ ಮಾಡಬಹುದು, ಅಂದರೆ ದೇವರ ಹೆಸರಿಲ್ಲದೆ ಸತ್ಯ ಹೇಳುತ್ತೇನೆ ಅಂತ ಮಾತು ಕೊಡಬಹುದು, ಅದಕ್ಕೂ ಪ್ರಮಾಣದಷ್ಟೇ ಬಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಯಾಕೆ ಒಪ್ಪುವುದಿಲ್ಲ ಅಂತ ವಿವರಿಸಬೇಕಾಗಿಲ್ಲ. ಸುಳ್ಳು ಹೇಳಿದರೆ ಶಿಕ್ಷೆಯೂ ಒಂದೇ, ಏಳು ವರ್ಷದವರೆಗೆ ಜೈಲು. ಪುಸ್ತಕ ಹಿಡಿದವನಿಗೆ ಜಾಸ್ತಿ ಇಲ್ಲ, ಹಿಡಿಯದವನಿಗೆ ಕಡಿಮೆ ಇಲ್ಲ.

ಒಳಗೆ ಹೋಗುವ ಮುಂಚೆ ಕಪ್ಪು ಗೌನು ಹಾಕಿದ ಅಷರ್, ಅಂದರೆ ಕೋರ್ಟಿನ ಸಹಾಯಕರು, ಬಂದು ಕೇಳುತ್ತಾರೆ. ನಿನ್ನ ಹೆಸರು ನೋಡಿ, ಮುಖ ನೋಡಿ, ಹಿಂದೂ ಇರಬೇಕು ಅಂತ ಅವರೇ ಅಂದುಕೊಳ್ಳಬಹುದು. ಅದರಲ್ಲಿ ಕೆಟ್ಟ ಮನಸ್ಸು ಇರುವುದಿಲ್ಲ. "ಐ ವಿಲ್ ಅಫರ್ಮ್" ಅನ್ನು. ಮೂರೇ ಶಬ್ದ. ನಾಸ್ತಿಕ ಅಂತ ಹೇಳಿಕೊಳ್ಳಬೇಕಿಲ್ಲ, ವಾದ ಮಾಡಬೇಕಿಲ್ಲ. ಒಂದು ಕಾರ್ಡು ಕೊಡುತ್ತಾರೆ, ಅದನ್ನು ಓದಿದರೆ ಆಯಿತು. "ಐ ಡು ಸಾಲಮ್‌ಲಿ, ಸಿನ್ಸಿಯರ್‌ಲಿ ಆ್ಯಂಡ್ ಟ್ರೂಲಿ ಡಿಕ್ಲೇರ್ ಆ್ಯಂಡ್ ಅಫರ್ಮ್" ಅಂತ ಶುರುವಾಗುತ್ತದೆ. ಮನೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡು. ಆ ಕಟಕಟೆಯಲ್ಲಿ ನಾಲಿಗೆ ಒಣಗುತ್ತದೆ, ಬಾಯಿಗೆ ಮೊದಲೇ ಪರಿಚಯ ಇದ್ದರೆ ಒಳ್ಳೆಯದು.

ಊರಿನ ಸಿನಿಮಾ ನೋಡಿ ಬೆಳೆದ ನಮಗೆ ಕೋರ್ಟು ಅಂದರೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಗೀತೆ. ಆದರೆ ನಮ್ಮ ದೇಶದ ಕೋರ್ಟಿನಲ್ಲಿ ಅದು ಇಲ್ಲ. 1840ರಲ್ಲೇ ಕಂಪನಿ ಸರ್ಕಾರ ತನ್ನ ಕೋರ್ಟುಗಳಲ್ಲಿ ಗಂಗಾಜಲದ ಮೇಲೆ, ಕುರಾನಿನ ಮೇಲೆ ಪ್ರಮಾಣ ಮಾಡಿಸುವುದನ್ನು ನಿಲ್ಲಿಸಿತು. ಆ ಪ್ರಮಾಣಕ್ಕೆ ಹೆದರಿ ಜನ ಸಾಕ್ಷಿ ಹೇಳುವುದಕ್ಕೇ ಬರುತ್ತಿರಲಿಲ್ಲ. ಈಗಿರುವ 1969ರ ಕಾಯ್ದೆಯಲ್ಲೂ ದೇವರ ಹೆಸರಲ್ಲಿ ಹೇಳಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ಹೇಳುತ್ತೇನೆ ಅನ್ನಬಹುದು. ನಾನು ಪ್ರಮಾಣಕ್ಕಾಗಿ ಗೀತೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಇಂಗ್ಲೆಂಡಿನಲ್ಲಿ.

ಅದನ್ನು ಹೇಳಲೇಬೇಕು, ಯಾಕೆಂದರೆ ನಿನ್ನ ಕೊನೆಯ ಪ್ರಶ್ನೆ ಅದೇ. ಸುಲಭ ಅಲ್ವಾ ಅಂತ.

ನಾನು ನರ್ಸ್ ಕೆಲಸಕ್ಕೆ ಅಂತ 2001ರಲ್ಲಿ ನಾರ್ತಾಂಪ್ಟನ್‌ಗೆ ಬಂದೆ. 2003ರಲ್ಲಿ ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಒಬ್ಬ ಹುಡುಗ ಮುದುಕಿಯೊಬ್ಬರ ಬ್ಯಾಗು ಕಿತ್ತುಕೊಂಡು, ಅವರನ್ನು ಬೀಳಿಸಿ ಓಡಿದ. ಅವನ ಮುಖ ನೋಡಿದವಳು ನಾನೊಬ್ಬಳೇ. ಆ ಅಜ್ಜಿಯ ಕೈ ಮುರಿದಿತ್ತು. ಕೆಲವು ತಿಂಗಳ ಮೇಲೆ ಸಾಕ್ಷಿಗೆ ಕರೆದರು. ಕೋರ್ಟಿನ ಕಾರಿಡಾರಿನಲ್ಲಿ ಕೂತಿದ್ದೆ. ಹಣೆಯಲ್ಲಿ ಬೊಟ್ಟು ಇತ್ತು, ಅದು ಬಿಟ್ಟಿರಲಾರದ ಅಭ್ಯಾಸ. ಅಷರ್ ಬಂದು "ಹಿಂದೂ ಅಲ್ವಾ? ಗೀತೆ ಇದೆ ನಮ್ಮಲ್ಲಿ" ಅಂತ ನಗುತ್ತಾ ಹೇಳಿದರು. ನನಗಾಗಿಯೇ ಹುಡುಕಿ ತಂದಿದ್ದರು ಪಾಪ. ನಾನು ತಲೆ ಆಡಿಸಿದೆ.

ಅಫರ್ಮ್ ಅನ್ನುವ ಶಬ್ದ ನನಗೆ ಗೊತ್ತಿತ್ತು ತಮ್ಮಾ. ಹಿಂದಿನ ದಿನ ಜೊತೆಯ ನರ್ಸ್ ಒಬ್ಬಳು ಹೇಳಿದ್ದಳು. ಗೊತ್ತಿದ್ದೂ ಹೇಳಲಿಲ್ಲ. ಬಣ್ಣ ಬೇರೆ, ಉಚ್ಚಾರ ಬೇರೆ, ಅದರ ಮೇಲೆ ದೇವರೂ ಇಲ್ಲ ಅಂದರೆ ಇವಳು ಯಾವ ಸೀಮೆಯವಳು ಅಂದುಕೊಂಡಾರು ಅಂತ ಹೆದರಿದೆ. ಸುತ್ತಿದ್ದ ಬಟ್ಟೆ ಬಿಚ್ಚಿ ಗೀತೆ ಕೊಟ್ಟರು. ಹಿಡಿದೆ, ಹೇಳಿದೆ. ಆಮೇಲೆ ಹೇಳಿದ್ದೆಲ್ಲ ಸತ್ಯವೇ. ಆದರೆ ಆ ಹುಡುಗನ ವಕೀಲರು ಎದ್ದು ನಿಂತು, "ನೀವು ನೋಡಿದ್ದು ಇವನನ್ನೇ ಅಂತ ಖಂಡಿತವಾಗಿ ಹೇಳುತ್ತೀರಾ?" ಅಂತ ಕೇಳಿದಾಗ ಗಂಟಲು ಕಟ್ಟಿತು. ನೋಡಿದ್ದರಲ್ಲಿ ಅನುಮಾನ ಇರಲಿಲ್ಲ. ಈ ಕೋಣೆಯಲ್ಲಿ ನಾನು ಆಡಿದ ಮೊದಲ ಮಾತೇ ನನ್ನದಲ್ಲ ಅನ್ನುವುದು ತಲೆಯಲ್ಲಿ ಕೂತಿತ್ತು. "ಹೌದು" ಅನ್ನುವ ಒಂದು ಶಬ್ದಕ್ಕೆ ಎಷ್ಟು ಹೊತ್ತು ತೆಗೆದುಕೊಂಡೆನೆಂದರೆ, ವಕೀಲರು ಜ್ಯೂರಿಯ ಕಡೆ, ತೀರ್ಪು ಹೇಳಲು ಕೂತ ಸಾಮಾನ್ಯ ಜನರ ಕಡೆ, ತಿರುಗಿ ನೋಡಿದರು.

ಕಾನೂನಿನ ಲೆಕ್ಕದಲ್ಲಿ ನಾನು ತಪ್ಪು ಮಾಡಿರಲಿಲ್ಲ. ಪ್ರಮಾಣ ಮಾಡಿದವನಿಗೆ ನಂಬಿಕೆ ಇಲ್ಲದಿದ್ದರೂ ಆ ಪ್ರಮಾಣ ಊರ್ಜಿತ ಅಂತ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ನೀನು ಗೀತೆ ಹಿಡಿದರೂ ಕೇಸಿಗೆ ಏನೂ ಆಗುವುದಿಲ್ಲ. ನಾನು ಹೇಳುತ್ತಿರುವುದು ಕೇಸಿನ ಮಾತಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟ. ಅಪ್ಪಯ್ಯ ದೇವರನ್ನು ನಂಬುತ್ತಿರಲಿಲ್ಲ, ನಂಬುವವರನ್ನು ಆಡಿಕೊಳ್ಳುತ್ತಲೂ ಇರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರಲ್ಲ, ಆಗಿನ ಪೇಪರ್ ಕಟಿಂಗುಗಳು ಅವರ ಟ್ರಂಕಿನಲ್ಲಿ ಕೊನೆಯವರೆಗೂ ಇದ್ದವು. ಅಮ್ಮ ಪೂಜೆ ಮಾಡುತ್ತಿದ್ದರು, ಹೂವು ಕೊಯ್ದು ಕೊಡುತ್ತಿದ್ದವರು ಅಪ್ಪಯ್ಯ.

1988ರಲ್ಲಿ ಕೆಳಗಿನ ತೋಟದ ಅರ್ಧ ಎಕರೆಗೆ ದಾಯಾದಿಗಳ ಜೊತೆ ತಕರಾರು ಬಂತು. ಅದು ಅಪ್ಪಯ್ಯನಿಗೆ ಅಂತ ಅಜ್ಜ ಸಾಯುವ ಮುಂಚೆ ಬಾಯಿಮಾತಿನಲ್ಲಿ ಹೇಳಿದ್ದರು. ಕಾಗದ ಇರಲಿಲ್ಲ. ಪಂಚಾಯಿತಿಗೆ ಕೂತವರು ತೀರ್ಮಾನ ಮಾಡಿದರು: ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ಎದುರು ಆಣೆ ಮಾಡಲಿ, ತೋಟ ಅವನದೇ. ಆಣೆ ಅಂದರೆ ನಮ್ಮಲ್ಲಿ ಏನು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಖ್ಯಮಂತ್ರಿಯಾಗಿದ್ದವರೇ 2011ರಲ್ಲಿ ವಿರೋಧಿಯನ್ನು ಆಣೆಗೆ ಬಾ ಅಂತ ಕರೆದು, ಇಬ್ಬರೂ ಅಲ್ಲಿಯವರೆಗೆ ಹೋಗಿ, ಆಣೆ ಮಾಡದೆ ವಾಪಸ್ ಬಂದರು.

ಅಪ್ಪಯ್ಯ ಹೋಗಲಿಲ್ಲ. "ನಾನು ನಂಬದ ಕಡೆ ನಿಂತು ಆಣೆ ಮಾಡಿದರೆ, ನಂಬಿ ಕೂತ ನಿಮಗೆ ಮೋಸ ಮಾಡಿದ ಹಾಗೆ. ನನ್ನ ಮಾತು ಸಾಲದಾ?" ಅಂದರು. ಸಾಲಲಿಲ್ಲ. ಸುಳ್ಳಾಡಿದ್ದಕ್ಕೇ ಹೆದರಿದ ಅಂತ ಊರೆಲ್ಲ ಮಾತಾಯಿತು. ತೋಟ ಹೋಯಿತು. ಅಮ್ಮ ಆ ವರ್ಷ ಯಾರ ಮನೆಯ ಮದುವೆಗೂ ಹೋಗಲಿಲ್ಲ. ನನಗೆ ಆಗ ಹದಿಮೂರು. ಅಪ್ಪಯ್ಯನ ಮೇಲೆ ಸಿಟ್ಟಿತ್ತು, ಅದೇ ಹೊತ್ತಿಗೆ ಅವರ ಪಕ್ಕದಲ್ಲಿ ನಡೆಯುವಾಗ ತಲೆ ಎತ್ತಿಕೊಂಡೇ ನಡೆಯುತ್ತಿದ್ದೆ.

ಅಂಥವರ ಮಗಳು ನಾನು. ಅವರಿಗೆ ಯಾವ ಕಾಯ್ದೆಯ ಬೆಂಬಲವೂ ಇಲ್ಲದ ಜಾಗದಲ್ಲಿ ಅರ್ಧ ಎಕರೆ ಬಿಟ್ಟುಕೊಟ್ಟರು. ನನಗೆ ಕಾಯ್ದೆ ಕೈಹಿಡಿದು ನಿಂತಿತ್ತು, ಕಳೆದುಕೊಳ್ಳುವುದು ಏನೂ ಇರಲಿಲ್ಲ, ಮೂರು ಶಬ್ದ ಹೇಳಲಾಗಲಿಲ್ಲ.

ಆ ಭಾನುವಾರ ಫೋನ್ ಕಾರ್ಡು ಹಾಕಿ ಮನೆಗೆ ಮಾಡಿದೆ. ಸಾಕ್ಷಿ ಹೇಳಿದ್ದನ್ನು ಹೇಳಿದೆ. ಅಪ್ಪಯ್ಯನಿಗೆ ಖುಷಿಯಾಯಿತು, ಅಜ್ಜಿಯ ಕೈ ಹೇಗಿದೆ ಅಂತ ಕೇಳಿದರು. ಆಮೇಲೆ, "ಪ್ರಮಾಣ ಹೇಗೆ ಮಾಡಿಸಿದರು?" ಅಂದರು. ಗೀತೆ ಕೊಟ್ಟರು ಅಂದೆ. "ಬೇರೆ ದಾರಿ ಇರಲಿಲ್ವಾ?" ಅಂದರು. ಇತ್ತು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. "ಈ ಸಲ ಕೊಳೆ ರೋಗ ಜಾಸ್ತಿ, ಮತ್ತೊಂದು ಸಲ ಔಷಧಿ ಹೊಡೆಸಬೇಕು" ಅಂದರು. ಅಮ್ಮನಿಗೆ ಫೋನ್ ಕೊಟ್ಟರು. ಆ ವಿಷಯ ಮತ್ತೆ ಯಾವತ್ತೂ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ನಾರ್ತಾಂಪ್ಟನ್‌ನ ಆಬಿಂಗ್ಟನ್ ಸ್ಕ್ವೇರಿನಲ್ಲಿ ಒಂದು ಪ್ರತಿಮೆ ಇದೆ. ಕೈ ಚಾಚಿ ಬೆರಳು ತೋರಿಸುತ್ತಾ ನಿಂತಿರುವವರು ಚಾರ್ಲ್ಸ್ ಬ್ರಾಡ್ಲಾ. ಎರಡು ವರ್ಷ ಅದರ ಮುಂದೆಯೇ ಓಡಾಡಿದ್ದೆ, ಯಾರು ಅಂತ ನೋಡಿರಲಿಲ್ಲ. ಕೋರ್ಟಿನಿಂದ ಬಂದ ಮೇಲೆ ಒಂದು ದಿನ ನಿಂತು ಹೆಸರು ಓದಿದೆ, ಲೈಬ್ರರಿಗೆ ಹೋಗಿ ಹುಡುಕಿದೆ. 1880ರಲ್ಲಿ ಈ ಊರಿನವರು ಅವರನ್ನು ಪಾರ್ಲಿಮೆಂಟಿಗೆ ಆರಿಸಿದರು. ನಾಸ್ತಿಕ ಅಂತ ಬಹಿರಂಗವಾಗಿ ಹೇಳಿಕೊಂಡವರು. ಅಫರ್ಮ್ ಮಾಡುತ್ತೇನೆ ಅಂದರು, ಬಿಡಲಿಲ್ಲ. ಸರಿ, ಪ್ರಮಾಣವನ್ನೇ ಮಾಡುತ್ತೇನೆ ಅಂದರು, ನಿನಗೆ ನಂಬಿಕೆ ಇಲ್ಲ ಅಂತ ಅದಕ್ಕೂ ಬಿಡಲಿಲ್ಲ. ಆ ಜೂನ್‌ನಲ್ಲಿ ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲೇ ಕೂಡಿಹಾಕಿದರು. ಮರುವರ್ಷ ಪೊಲೀಸರು ಎಳೆದು ಹೊರಗೆ ಹಾಕಿದರು. ಸೀಟು ಖಾಲಿಯಾದಾಗಲೆಲ್ಲ ಇಲ್ಲಿಯ ಜನ ಮತ್ತೆ ಅವರನ್ನೇ ಗೆಲ್ಲಿಸಿ ಕಳಿಸಿದರು. ಚಪ್ಪಲಿ, ಬೂಟು ಹೊಲಿಯುವವರ ಊರು ಇದು. 1886ರಲ್ಲಿ ಹೊಸ ಸ್ಪೀಕರ್ ಅಡ್ಡಿ ಮಾಡದೆ ಪ್ರಮಾಣ ತೆಗೆದುಕೊಳ್ಳಲು ಬಿಟ್ಟರು. ಒಳಗೆ ಕೂತ ಮೇಲೆ ಅವರು 1888ರಲ್ಲಿ ಎಲ್ಲರಿಗೂ ಅಫರ್ಮ್ ಮಾಡುವ ಹಕ್ಕಿನ ಕಾಯ್ದೆ ಮಾಡಿಸಿದರು. ಮರುವರ್ಷ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿ ಬಂದರು. ನಮ್ಮ ದೇಶದ ಪರವಾಗಿ ಅಷ್ಟು ಮಾತಾಡುತ್ತಿದ್ದುದರಿಂದ 'ಇಂಡಿಯಾದ ಮೆಂಬರ್' ಅಂತಲೇ ಕರೆಯುತ್ತಿದ್ದರು. 1891ರಲ್ಲಿ ತೀರಿಕೊಂಡಾಗ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿ ಅಂತ್ಯಕ್ರಿಯೆಗೆ ಹೋಗಿದ್ದರು.

ಅವರೂ ಕೊನೆಗೆ ಪುಸ್ತಕ ಹಿಡಿದೇ ಪ್ರಮಾಣ ಮಾಡಿದ್ದು. ಮೊದಮೊದಲು ನನಗೆ ಅದು ದೊಡ್ಡ ಸಮಾಧಾನ ಕೊಟ್ಟಿತು. ಆಮೇಲೆ ಹೊಳೆಯಿತು, ಅವರು ತಾನು ಯಾರು ಅಂತ ಎಲ್ಲರಿಗೂ ಹೇಳಿ ಆಮೇಲೆ ಹಿಡಿದವರು. ನಾನು ಯಾರು ಅಂತ ಮುಚ್ಚಿಡಲು ಹಿಡಿದವಳು. ಆ ಸಮಾಧಾನ ಅಲ್ಲಿಗೆ ಮುಗಿಯಿತು.

ಈ ಹಕ್ಕು ಬರುವ ಮುಂಚೆ ಇಲ್ಲಿ ಏನಾಗುತ್ತಿತ್ತು ಗೊತ್ತಾ? 1869ರವರೆಗೆ ನಾಸ್ತಿಕರ ಸಾಕ್ಷಿಯನ್ನೇ ಕೋರ್ಟು ತೆಗೆದುಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಕಳ್ಳತನ ಆಗಿ ನೋಡಿದವರು ಅವರೊಬ್ಬರೇ ಆಗಿದ್ದರೂ ಅಷ್ಟೇ. ನನಗೆ ಆ ಬಸ್ ಸ್ಟಾಪಿನ ಅಜ್ಜಿ ನೆನಪಾಗುತ್ತಾರೆ.

ಮುಂದೆ ನಿನಗೆ ಬೇಕಾಗುವ ಎರಡು ಮಾತು. ಇಂಡಿಯಾ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ದೇಶದವರಾದ್ದರಿಂದ ನೀನು ಇಲ್ಲಿ ಓಟಿನ ಪಟ್ಟಿಗೆ ಹೆಸರು ಸೇರಿಸಬಹುದು. ಐದು ವರ್ಷ ಇದ್ದ ಮೇಲೆ ಜ್ಯೂರಿಗೂ ಕರೆಯಬಹುದು, ಅಲ್ಲೂ ಇದೇ ಪ್ರಶ್ನೆ ಬರುತ್ತದೆ. 2013ರಲ್ಲಿ ಮ್ಯಾಜಿಸ್ಟ್ರೇಟರ ಸಂಘದಲ್ಲಿ ಧಾರ್ಮಿಕ ಪ್ರಮಾಣವನ್ನೇ ತೆಗೆದು ಎಲ್ಲರಿಗೂ ಒಂದೇ ಮಾತು ಇಡೋಣ ಅಂತ ಪ್ರಸ್ತಾಪ ಬಂತು, ಬಿದ್ದುಹೋಯಿತು. ಅದು ಗೆಲ್ಲಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಯಾರು ಏನು ನಂಬುತ್ತಾರೆ ಅಂತ ಜ್ಯೂರಿಗೆ ಯಾಕೆ ಕಾಣಬೇಕು? ಇನ್ನು, ಏನಾದರೂ ಕಾಗದಕ್ಕೆ ಸಾಲಿಸಿಟರ್ (ವಕೀಲರು) ಹತ್ತಿರ ಹೋದರೆ ಸ್ಟ್ಯಾಚುಟರಿ ಡಿಕ್ಲರೇಶನ್‌ನಲ್ಲಿ, ಅಂದರೆ ಇದು ನಿಜ ಅಂತ ಬರೆದುಕೊಡುವ ಘೋಷಣೆಯಲ್ಲಿ, ದೇವರ ಮಾತೇ ಬರುವುದಿಲ್ಲ. 5 ಪೌಂಡ್ ಕೊಟ್ಟು ಸಹಿ ಹಾಕಿಸಿಕೊಂಡು ಬಾ.

ಸಿಟಿಜನ್‌ಶಿಪ್ ಸಮಾರಂಭದಲ್ಲೂ ಎರಡು ದಾರಿ ಇದೆ. ನಾನು 2009ರಲ್ಲಿ ತೆಗೆದುಕೊಂಡೆ. ದೇವರ ಹೆಸರಲ್ಲಿ ಹೇಳುವವರು ಮೊದಲು ಎದ್ದು ನಿಂತರು, ತುಂಬ ಜನ. ಆಮೇಲೆ ನಾವು ಏಳು ಮಂದಿ. ಆಗ ರಾಣಿಗೆ, ಈಗ ರಾಜನಿಗೆ ನಿಷ್ಠೆಯ ಮಾತು ಎಲ್ಲರಿಗೂ ಒಂದೇ, ಅದನ್ನು ಬಿಡಲು ಬರುವುದಿಲ್ಲ. ದೇವರ ಮಾತು ಮಾತ್ರ ಇರುವುದಿಲ್ಲ. ಅವತ್ತು ನನ್ನ ದನಿ ನಡುಗಲಿಲ್ಲ. ಹೊರಗೆ ಬಂದು ಫೋನ್ ತೆಗೆದೆ, ಊರಿನ ನಂಬರ್ ಒತ್ತುವಷ್ಟರಲ್ಲಿ ನೆನಪಾಯಿತು. ಅಪ್ಪಯ್ಯ ಹೋಗಿ ಎರಡು ವರ್ಷವಾಗಿತ್ತು.

ಅಮ್ಮನಿಗೆ ಹೇಳಬೇಕಾ ಅಂತ ಕೇಳಿದ್ದೀಯ. ನಿಮ್ಮ ಅಮ್ಮನನ್ನು ನಾನು ನೋಡಿಲ್ಲ. ಹಾಸನದಿಂದ ದಿನಾ ರಾತ್ರಿ ಫೋನ್ ಮಾಡಿ ದೀಪ ಹಚ್ಚಿದೆಯಾ ಅಂತ ಕೇಳುವವರಿಗೆ ಇದನ್ನು ಒಂದೇ ಸಲ ಹೇಳಬೇಕಾಗಿಲ್ಲ. ಆದರೆ ಅವರಿಗೆ ನೋವಾಗುತ್ತದೆ ಅಂತ ಇಲ್ಲಿಯ ಕಟಕಟೆಯಲ್ಲಿ ಗೀತೆ ಹಿಡಿಯಬೇಡ. ಅವರು ಅಲ್ಲಿರುವುದಿಲ್ಲ. ನೀನು ಇರುತ್ತೀಯ.

ಕೋರ್ಟಿನ ದಿನ ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗು, ಎಷ್ಟು ಹೊತ್ತು ಕಾಯಿಸುತ್ತಾರೋ ಗೊತ್ತಿಲ್ಲ. ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ಒಳಗೆ ಹೋಗುವ ಮುಂಚೆ ಓದಲು ಕೇಳು, ಕೊಡುತ್ತಾರೆ. ನೋಡಿದ್ದನ್ನು ಮಾತ್ರ ಹೇಳು. ಮುಗಿಸಿ ಹೊರಗೆ ಬಂದ ತಕ್ಷಣ ನನಗೆ ಫೋನ್ ಮಾಡು. ನೈಟ್ ಶಿಫ್ಟ್ ಮುಗಿಸಿ ಮಲಗಿದ್ದರೂ ಎತ್ತುತ್ತೇನೆ.