ಹೊಸ ನಕ್ಷತ್ರಗಳು ಹುಟ್ಟಿದರೆ ಗ್ಯಾಲಕ್ಸಿಯಿಂದ ಅನಿಲ ಯಾಕೆ ಹೊರಗೆ ಹೋಗುತ್ತದೆ?

ನಕ್ಷತ್ರ ಹುಟ್ಟುವುದೇ ಅನಿಲದಿಂದ, ಮತ್ತೆ ಅದನ್ನೇ ಹೊರಗೆ ದಬ್ಬುವುದು ಹೇಗೆ ಅಂತ ನಿಮ್ಮ ಪ್ರಶ್ನೆ, ಅಲ್ವಾ? ಎಂ82 ಗ್ಯಾಲಕ್ಸಿಯನ್ನೇ ನೋಡಿ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಪಕ್ಕದ ಎಂ81ರ ಸೆಳೆತಕ್ಕೆ ಸಿಕ್ಕಿ ಇದರ ಅನಿಲ ನಡುಭಾಗಕ್ಕೆ ಬಂದು ತುಂಬಿಕೊಂಡಿತು, ಅಲ್ಲಿ ನಕ್ಷತ್ರಗಳು ಭರದಿಂದ ಹುಟ್ಟತೊಡಗಿದವು.

ಅವುಗಳಲ್ಲಿ ತುಂಬಾ ಭಾರದವು ಜಾಸ್ತಿ ಕಾಲ ಬಾಳುವುದಿಲ್ಲ. ಕೆಲವೇ ದಶಲಕ್ಷ ವರ್ಷಗಳಲ್ಲಿ ಸೂಪರ್‌ನೋವಾ ಆಗಿ ಸಿಡಿಯುತ್ತವೆ. ಒಂದೆರಡು ಸಿಡಿದರೆ ಗ್ಯಾಲಕ್ಸಿಗೆ ಏನೂ ಆಗುವುದಿಲ್ಲ. ಆದರೆ ಇಕ್ಕಟ್ಟಾದ ಜಾಗದಲ್ಲಿ ಒಂದರ ಹಿಂದೆ ಒಂದು ಸಿಡಿದಾಗ ಅಲ್ಲಿನ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾದು ಉಬ್ಬುತ್ತದೆ, ಗ್ಯಾಲಕ್ಸಿಯ ಚಪ್ಪಟೆ ತಟ್ಟೆಯಂತಹ ಭಾಗದೊಳಗೆ ದಟ್ಟ ಅನಿಲ ಅಡ್ಡ ಇರುವುದರಿಂದ ದಾರಿ ಸಲೀಸಾಗಿರುವ ಮೇಲಕ್ಕೂ ಕೆಳಕ್ಕೂ ನುಗ್ಗುತ್ತದೆ. ಹೋಗುವಾಗ ತಣ್ಣನೆಯ ಅನಿಲ, ದೂಳನ್ನೂ ಎಳೆದುಕೊಂಡು ಹೋಗುತ್ತದೆ.

ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಎಂ82ರ ಚಿತ್ರವನ್ನು ಒಮ್ಮೆ ದೊಡ್ಡದು ಮಾಡಿ ನೋಡಿ, ಎಷ್ಟು ಚೆಂದ! ನಡುವಿನಿಂದ ಎರಡೂ ಕಡೆ ಹರಡಿದ, ಕೆದರಿದ ಕೂದಲಿನಂತಹ ಕೆಂಪು ಎಳೆಗಳೇ ಆ ಅನಿಲ. ಕೆಂಪು ಬಣ್ಣ ಹೈಡ್ರೋಜನ್‌ನದು, ವೇಗ ಸೆಕೆಂಡಿಗೆ ನೂರಾರು ಕಿಲೋಮೀಟರ್.

ಆದರೆ ಎಲ್ಲವೂ ಹೊರಗೆ ಹೋಗಿಯೇ ಬಿಡುವುದಿಲ್ಲ. ಗುರುತ್ವ ಮೀರುವಷ್ಟು ವೇಗ ಇಲ್ಲದ ಅನಿಲ ನಿಧಾನವಾಗಿ ವಾಪಸ್ ಬೀಳುತ್ತದೆ.