ತೋಟದ ಮನೆಯಿಂದ ಪಲ್ಪರ್ ಶೆಡ್ಡಿಗೆ ಸಬ್ ಬೋರ್ಡ್: ನ್ಯೂಟ್ರಲ್ಲಿಗೇ ಅರ್ಥ್ ಜೋಡಿಸಬಹುದೇ?

ಬೇಡ. ಮೂಡಿಗೆರೆ ಕಡೆಯ ತೋಟ, ಮನೆಯಿಂದ 60 ಮೀಟರ್ ಆಚೆ ಶೆಡ್ಡು, ಥ್ರೀ ಫೇಸ್ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ). ಶೆಡ್ಡಿನ ಸಬ್ ಬೋರ್ಡಿನಲ್ಲಿ ನ್ಯೂಟ್ರಲ್ಲನ್ನೂ ಅರ್ಥನ್ನೂ ಸೇರಿಸಿದರೆ, ಅರ್ಥಿಗೆ ಪೈಪು ಹೂಳುವ ಗುಂಡಿಯ ಖರ್ಚು ಉಳಿಯುತ್ತೆ ಅಂತ ವೈರಿಂಗ್‌ನವರು ಹೇಳಿದ್ದಾರೆ ಅಂತೀರಿ. ಆ ಉಳಿತಾಯ ಸರಿಯಲ್ಲ.

ಮನೆಯಿಂದ ಬರುವ ನ್ಯೂಟ್ರಲ್ ಎಲ್ಲಾದರೂ ಬಿಟ್ಟುಕೊಂಡರೆ, ಬಲ್ಬಿನ ಮೂಲಕ ಬಂದ ಕರೆಂಟು ಆ ಜೋಡಣೆಯಿಂದಲೇ ಪಲ್ಪರ್ ಬಾಡಿಗೆ ಇಳಿಯುತ್ತದೆ. ಕೆಳಗೆ ನೆಲವೆಲ್ಲ ನೀರು. ನ್ಯೂಟ್ರಲ್ ಸರಿಯಿದ್ದರೂ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಪ್ಲೈ ಕಡಿಯುವ ಸ್ವಿಚ್ಚು) ಪದೇ ಪದೇ ಬೀಳುತ್ತದೆ, ಕೊನೆಗೆ ಯಾರಾದರೂ ಅದನ್ನೇ ಬೈಪಾಸ್ ಮಾಡಿಬಿಡುತ್ತಾರೆ.

ಮನೆಯಿಂದ ಐದು ತಂತಿ ಹೋಗಲಿ: ಮೂರು ಫೇಸ್, ನ್ಯೂಟ್ರಲ್, ಅರ್ಥ್. ಫೇಸ್ ತಂತಿ 16 ಚದರ ಮಿ.ಮೀ.ವರೆಗೆ ಇದ್ದರೆ ಅರ್ಥ್ ತಂತಿಯೂ ಅದೇ ಲೋಹ, ಅದೇ ಗಾತ್ರ. ಅರ್ಥ್ ಲಿಂಕು (ಅರ್ಥ್ ತಂತಿಗಳೆಲ್ಲ ಸೇರುವ ಪಟ್ಟಿ) ಬೋರ್ಡಿನ ಲೋಹದ ಪೆಟ್ಟಿಗೆಗೇ ಜೋಡಿಸಿರಲಿ. ನ್ಯೂಟ್ರಲ್ ಲಿಂಕು ಇನ್ಸುಲೇಟರ್ ಮೇಲೆ. ಮೋಟರಿಗೆ ಎರಡು ಪ್ರತ್ಯೇಕ ಅರ್ಥ್ ತಂತಿ.

ಶೆಡ್ಡಿನ ಬಳಿ ಒಂದು ಗುಂಡಿಯೂ ಇರಲಿ, ಕಟ್ಟಡದಿಂದ ಒಂದೂವರೆ ಮೀಟರ್ ದೂರದಲ್ಲಿ. 40 ಮಿ.ಮೀ. ಜಿಐ ಪೈಪು, ಎರಡೂವರೆ ಮೀಟರ್, ಸುತ್ತ ಇದ್ದಿಲು, ಉಪ್ಪು. ಮಳೆಗಾಲದಲ್ಲಿ ಅಳೆದು ಖುಷಿಪಡಬೇಡಿ. ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ) ಮುಂಚೆ, ನೆಲ ಒಣಗಿರುವಾಗ ಅರ್ಥ್ ಟೆಸ್ಟರಿನಲ್ಲಿ ನೋಡಿಸಿ.

ಗುಂಡಿಯೊಂದೇ ಸಾಕು, ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು) ಬೀಳುತ್ತೆ ಅನ್ನುವುದೂ ತಪ್ಪು ಲೆಕ್ಕ. ಗುಂಡಿ 8 ಓಮ್, ಟ್ರಾನ್ಸ್‌ಫಾರ್ಮರ್ ಕಡೆಯದು 2 ಓಮ್ ಅನ್ನಿ. ಫೇಸ್ ತಂತಿ ಪಲ್ಪರ್ ಬಾಡಿಗೆ ತಾಗಿದರೆ 230 ವೋಲ್ಟಿಗೆ, ಒಟ್ಟು 10 ಓಮ್ ಮೂಲಕ ಹರಿಯುವುದು 23 ಆಂಪಿಯರ್. 32 ಆಂಪಿಯರಿನ ಎಂಸಿಬಿ ಕದಲುವುದೇ ಇಲ್ಲ, ಪಲ್ಪರ್ ಬಾಡಿ ಮೇಲೆ 184 ವೋಲ್ಟ್ ನಿಂತಿರುತ್ತದೆ! ಹಾಗಾಗಿ ಸಬ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ನಾಲ್ಕು ಪೋಲ್ ಆರ್‌ಸಿಸಿಬಿ ಕಡ್ಡಾಯ ಅಂತಲೇ ತಿಳಿಯಿರಿ. ಮನೆಯ ಮೇನ್‌ನಲ್ಲಿ 100 ಮಿಲಿಆಂಪಿಯರಿನ, ತಡವಾಗಿ ಬೀಳುವ ಎಸ್ ಟೈಪ್ ಹಾಕಿದರೆ ಶೆಡ್ಡಿನ ತೊಂದರೆಗೆ ಮನೆಯೆಲ್ಲ ಕತ್ತಲಾಗುವುದಿಲ್ಲ.

ಪೈಪಿನ ಜಿಐ ಬೋಲ್ಟಿಗೆ ಬರಿ ತಾಮ್ರ ಸುತ್ತಿಸಬೇಡಿ, ಪಲ್ಪಿಂಗ್ ನೀರಿಗೆ ಬೇಗ ತಿಂದುಹೋಗುತ್ತದೆ. ತಂತಿಯ ತುದಿಗೆ ತವರ ಲೇಪಿಸಿದ ಲಗ್ (ಬೋಲ್ಟಿಗೆ ಬಿಗಿಯುವ ಲೋಹದ ಬಳೆ) ಹಾಕಿಸಿ.

ವೈರಿಂಗ್ ಮುಗಿದ ಮೇಲೆ ಮನೆಯಲ್ಲಿ ಮೇನ್ ಆಫ್ ಮಾಡಿ, ಶೆಡ್ಡಿನ ನಾಲ್ಕು ಪೋಲ್ ಐಸೊಲೇಟರನ್ನೂ (ನ್ಯೂಟ್ರಲ್ ಸೇರಿ ನಾಲ್ಕೂ ತಂತಿ ಕಡಿಯುವ ಸ್ವಿಚ್ಚು) ಆಫ್ ಮಾಡಿ, ನ್ಯೂಟ್ರಲ್ ಲಿಂಕಿಗೂ ಅರ್ಥ್ ಲಿಂಕಿಗೂ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಅಂದರೆ ಎಲ್ಲೋ ಸೇರಿಸಿದ್ದಾರೆ. ಅದನ್ನು ಬಿಡಿಸಿದ ಮೇಲೇ ಹಣ ಕೊಡಿ.